ಮಳೆಹನಿಯಲ್ಲೊಂದು ಕನ್ನಡಿ ಜೋಡಿ

ಮುಂಗಾರಿನ ಮೋಡಗಳು ಕುಂಚಾವರಂ ಕಾಡಿನ ನೆತ್ತಿಯ ಮೇಲೆ ದಟ್ಟೈಸಿ ಚಿಂಚೋಳಿಯ ನೆಲಕ್ಕೆ ಮಳೆಗರೆಯತೊಡಗಿದಾಗ ರೈತನು ಬಿತ್ತನೆಯ ಬೀಜವನ್ನು ಹೊರತೆಗೆಯುತ್ತಾನೆ; ಮಕ್ಕಳು ಅಂಗಳಕ್ಕೆ ಧಾವಿಸುತ್ತಾರೆ; ಗೃಹಿಣಿಯು ಸೂರಿನ ಕೆಳಗೆ ಕೊಡವನ್ನಿಡುತ್ತಾಳೆ. ನೇರವಾಗಿ ಆಕಾಶದಿಂದ ಬಂದ ಆ ನೀರಿಗಿಂತ ನಿರ್ಮಲವಾದುದು ಇನ್ನೇನಿದ್ದೀತು? ಆದರೆ ಆ ನಿರ್ಮಲ ಜಲದಲ್ಲಿಯೂ ಒಬ್ಬ ಅತಿಥಿಯಿದ್ದಾನೆ. ಅವನು ಸಮುದ್ರದಿಂದ ಬಂದವನಲ್ಲ, ಬೀದಿಯ ಧೂಳಿನಿಂದ ಎದ್ದವನೂ ಅಲ್ಲ. ಕೆಲವೇ ವಾರಗಳ ಅಥವಾ ತಿಂಗಳುಗಳ ಹಿಂದೆ, ನೆಲದಿಂದ ಹಲವು ಮೈಲಿಗಳ ಎತ್ತರದಲ್ಲಿ, ಗಾಳಿಯಲ್ಲಿಯೇ ಹುಟ್ಟಿದವನು ಅವನು.

ಈ ಅತಿಥಿಯ ಹೆಸರು ಬೆರಿಲಿಯಂ-7. ಪಚ್ಚೆಯ ಹರಳಿನಲ್ಲಿರುವ ಬೆರಿಲಿಯಂ ಎಂಬ ಹಗುರ ಲೋಹದ ಸೋದರನೇ ಇವನು. ಪಚ್ಚೆಯಲ್ಲಿರುವ ಬೆರಿಲಿಯಂ ಚಿರಂಜೀವಿ. ಮಳೆಯಲ್ಲಿರುವ ಬೆರಿಲಿಯಂ ಅಲ್ಪಾಯು. ಸುಮಾರು 53 ದಿನಗಳಲ್ಲಿ ಅದರ ಅರ್ಧ ಪಾಲು ಇಲ್ಲವಾಗುತ್ತದೆ. ಮತ್ತೆ 53 ದಿನಗಳಲ್ಲಿ ಉಳಿದುದರಲ್ಲಿ ಅರ್ಧ ಹೋಗುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ನೂರರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಹೀಗಿದ್ದರೂ ಪ್ರತಿ ವರ್ಷದ ಮಳೆಯಲ್ಲಿಯೂ ಅದು ಸಿಗುತ್ತದೆಂದರೆ, ಎಲ್ಲಿಯೋ ಅದು ನಿತ್ಯವೂ ತಯಾರಾಗುತ್ತಿರಲೇಬೇಕು. ಆ ಕಾರ್ಖಾನೆ ವಾಯುಮಂಡಲದ ಮೇಲಣ ಪದರಗಳಲ್ಲಿದೆ. ಅಲ್ಲಿ ಹಗಲಿರುಳೂ ಬಂದೆರಗುವ ವಿಶ್ವಕಿರಣಗಳು ಗಾಳಿಯ ಸಾರಜನಕ ಮತ್ತು ಆಮ್ಲಜನಕದ ಪರಮಾಣುಗಳನ್ನು ಒಡೆಯುತ್ತವೆ. ಆ ಚೂರುಗಳಲ್ಲಿ ಒಂದು ಈ ಬೆರಿಲಿಯಂ-7. ಅದು ಗಾಳಿಯ ಸೂಕ್ಷ್ಮ ಧೂಳಿಗೆ ಅಂಟಿಕೊಂಡು, ಮಳೆಯ ಬೆನ್ನೇರಿ ಭೂಮಿಗೆ ಇಳಿಯುತ್ತದೆ.

ಬೆರಿಲಿಯಂ-7 ಅಳಿಯುವ ರೀತಿಯೂ ವಿಚಿತ್ರ. ಅದು ತನ್ನ ಸುತ್ತ ತಿರುಗುವ ಎಲೆಕ್ಟ್ರಾನುಗಳಲ್ಲಿ ಒಂದನ್ನು ತಾನೇ ನುಂಗಿ, ಲಿಥಿಯಂ-7 ಎಂಬ ಬೇರೆಯ ಧಾತುವಾಗಿ ಮಾರ್ಪಡುತ್ತದೆ. ನೂರು ಬಾರಿ ಹೀಗಾದರೆ, ಸುಮಾರು ತೊಂಬತ್ತು ಬಾರಿ ಹೊಸದಾಗಿ ಹುಟ್ಟಿದ ಲಿಥಿಯಂ ಶಾಂತವಾಗಿರುತ್ತದೆ. ಉಳಿದ ಹತ್ತು ಬಾರಿ ಮಾತ್ರ ಅದು ಉದ್ರೇಕಗೊಂಡ ಸ್ಥಿತಿಯಲ್ಲಿ ಹುಟ್ಟಿ, ಕಣ್ಣೆವೆ ಮಿಟುಕಿಸುವುದಕ್ಕಿಂತ ಎಷ್ಟೋ ಮೊದಲೇ ಒಂದು ಗಾಮಾ ಕಿರಣವನ್ನು ಹೊರಸೂಸಿ ಶಾಂತವಾಗುತ್ತದೆ. ಆ ಕಿರಣದ ಶಕ್ತಿ ಪ್ರತಿ ಸಲವೂ ಒಂದೇ: 478 ಕಿಲೋ ಎಲೆಕ್ಟ್ರಾನ್ ವೋಲ್ಟ್. ಒಂದು ವೋಲ್ಟಿನ ವಿದ್ಯುದಂತರವನ್ನು ದಾಟುವ ಎಲೆಕ್ಟ್ರಾನು ಗಳಿಸುವ ಶಕ್ತಿಗೆ ಒಂದು ಎಲೆಕ್ಟ್ರಾನ್ ವೋಲ್ಟ್ ಎಂದು ಹೆಸರು. ಅದರ ಸಾವಿರ ಪಟ್ಟು ಕಿಲೋ ಎಲೆಕ್ಟ್ರಾನ್ ವೋಲ್ಟ್. ಓದುಗರು ಈ 478 ಎಂಬ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಪರಮಾಣುವಿನ ಗರ್ಭದ ಗುಟ್ಟಿಗೂ ತೊಗರಿಯ ಹೊಲದ ಮಣ್ಣಿಗೂ ಇದೊಂದೇ ಸಂಖ್ಯೆ ಸಾಕ್ಷಿಯಾಗಿ ನಿಲ್ಲುತ್ತದೆ.

ಎಡ ಬಲವಾದಾಗ

ಪರಮಾಣುವಿನ ನಡುವೆ ಅತ್ಯಂತ ಸಣ್ಣದಾದ, ಅತ್ಯಂತ ಭಾರವಾದ ಬೀಜಕೇಂದ್ರವೊಂದಿದೆ. ಅದರಲ್ಲಿ ವಾಸಿಸುವ ಕಣಗಳು ಎರಡು ಬಗೆ. ಪ್ರೋಟಾನಿಗೆ ಧನ ವಿದ್ಯುತ್ತುಂಟು. ನ್ಯೂಟ್ರಾನಿಗೆ ಯಾವ ವಿದ್ಯುತ್ತೂ ಇಲ್ಲ. ತೂಕದಲ್ಲಿ ಎರಡೂ ಹೆಚ್ಚು ಕಡಿಮೆ ಸಮ. ನ್ಯೂಟ್ರಾನು ಕೂದಲೆಳೆಯಷ್ಟು ಹೆಚ್ಚು. ಇಂಗ್ಲೆಂಡಿನ ಚಾಡ್ವಿಕ್ಕನು 1932ರಲ್ಲಿ ನ್ಯೂಟ್ರಾನನ್ನು ಕಂಡುಹಿಡಿದನು. ಅದೇ ವರ್ಷವೇ ಜರ್ಮನಿಯ ಹೈಸೆನ್‌ಬರ್ಗನು ಒಂದು ಸಾಹಸದ ಊಹೆಯನ್ನು ಮುಂದಿಟ್ಟನು: ಇವೆರಡನ್ನೂ ಬೇರೆ ಬೇರೆ ಕಣಗಳೆಂದು ಏಕೆ ಎಣಿಸಬೇಕು? ಒಂದೇ ಕಣದ ಎರಡು ಮುಖಗಳೆಂದು ಏಕೆ ಭಾವಿಸಬಾರದು?

ಊಹೆ ಸುಂದರವಾದುದು. ಆದರೆ ವಿಜ್ಞಾನದಲ್ಲಿ ಸೌಂದರ್ಯಕ್ಕೆ ಮಾತ್ರವೇ ಬೆಲೆಯಿಲ್ಲ, ಪರೀಕ್ಷೆಯಾಗಬೇಕು. ಪರೀಕ್ಷೆಗೆ ದೊರೆತ ಸಾಧನವೇ ಕನ್ನಡಿ ಬೀಜಗಳು.

ಕನ್ನಡಿಯ ಮುಂದೆ ನಿಂತವನ ಎಡಗೈ ಬಿಂಬದಲ್ಲಿ ಬಲಗೈಯಾಗಿ ತೋರುತ್ತದೆ. ಉಳಿದ ರೂಪವೆಲ್ಲ ಹಾಗೆಯೇ ಇರುತ್ತದೆ. ಒಂದು ಬೀಜಕೇಂದ್ರದ ಪ್ರೋಟಾನುಗಳನ್ನೆಲ್ಲ ನ್ಯೂಟ್ರಾನುಗಳನ್ನಾಗಿಯೂ, ನ್ಯೂಟ್ರಾನುಗಳನ್ನೆಲ್ಲ ಪ್ರೋಟಾನುಗಳನ್ನಾಗಿಯೂ ಬದಲಾಯಿಸಿದರೆ ದೊರೆಯುವುದು ಅದರ ಕನ್ನಡಿ ಬಿಂಬ. ಲಿಥಿಯಂ-7ರಲ್ಲಿ 3 ಪ್ರೋಟಾನು, 4 ನ್ಯೂಟ್ರಾನು. ಬೆರಿಲಿಯಂ-7ರಲ್ಲಿ 4 ಪ್ರೋಟಾನು, 3 ನ್ಯೂಟ್ರಾನು. ಮಳೆಯಲ್ಲಿ ಬಂದ ಅತಿಥಿಯು ಸಾಯುವಾಗ ತನ್ನದೇ ಪ್ರತಿಬಿಂಬವಾಗಿ ಬದಲಾಗುತ್ತಾನೆ ಎಂದ ಹಾಗಾಯಿತು!

ಈ ಜೋಡಿಯಿಂದ ಏನು ತಿಳಿಯುತ್ತದೆ? ಲೆಕ್ಕ ಸುಲಭವಾದುದು. ಏಳು ಕಣಗಳನ್ನು ಇಬ್ಬಿಬ್ಬರನ್ನಾಗಿ ಜೋಡಿಸಿದರೆ ಒಟ್ಟು 21 ಜೋಡಿಗಳಾಗುತ್ತವೆ. ಲಿಥಿಯಂ-7ರಲ್ಲಿ ಪ್ರೋಟಾನು-ಪ್ರೋಟಾನು ಜೋಡಿಗಳು 3, ನ್ಯೂಟ್ರಾನು-ನ್ಯೂಟ್ರಾನು ಜೋಡಿಗಳು 6, ಮಿಶ್ರ ಜೋಡಿಗಳು 12. ಬೆರಿಲಿಯಂ-7ರಲ್ಲಿ ಮೊದಲನೆಯವು 6, ಎರಡನೆಯವು 3. ಮಿಶ್ರ ಜೋಡಿಗಳು ಮಾತ್ರ 12ರಷ್ಟೇ. ಕಣಗಳನ್ನು ಬಿಗಿದಿಡುವ ಬೀಜಶಕ್ತಿಯು ಎರಡು ಪ್ರೋಟಾನುಗಳ ನಡುವೆ ಹೇಗೋ ಎರಡು ನ್ಯೂಟ್ರಾನುಗಳ ನಡುವೆಯೂ ಹಾಗೆಯೇ ವರ್ತಿಸುವುದಾದರೆ, 3 ಮತ್ತು 6 ಅದಲುಬದಲಾದರೂ ಬೀಜಕ್ಕೆ ಯಾವ ವ್ಯತ್ಯಾಸವೂ ತಿಳಿಯಬಾರದು. ತಿಳಿದರೆ ಅದು ಪ್ರೋಟಾನುಗಳ ಪರಸ್ಪರ ವಿದ್ಯುತ್ ವಿಕರ್ಷಣೆಯಿಂದ ಮಾತ್ರ ಆಗಬೇಕು.

ಕಲ್ಲಿನ ಮೆಟ್ಟಿಲು

ಬೀಜಕೇಂದ್ರವು ಶಕ್ತಿಯನ್ನು ಹೀರಿ ಉದ್ರೇಕಗೊಳ್ಳಬಲ್ಲುದು. ಆದರೆ ಅದು ತನಗೆ ತೋಚಿದಷ್ಟು ಶಕ್ತಿಯನ್ನು ಹೀರುವಂತಿಲ್ಲ. ಶಹಾಬಾದ್ ಕಲ್ಲಿನ ಮೆಟ್ಟಿಲನ್ನು ಏರುವವನು ಮೊದಲ ಮೆಟ್ಟಿಲಿನ ಮೇಲೆ ನಿಲ್ಲಬಹುದು, ಎರಡನೆಯದರ ಮೇಲೆ ನಿಲ್ಲಬಹುದು; ನಡುವಣ ಗಾಳಿಯಲ್ಲಿ ನಿಲ್ಲಲು ಸಾಧ್ಯವೆ? ಬೀಜಕ್ಕೂ ಇದೇ ನಿಯಮ. ಅದರ ಮೆಟ್ಟಿಲುಗಳ ಎತ್ತರ ಒಂದೊಂದು ಬೀಜಕ್ಕೆ ಒಂದೊಂದು ಬಗೆ. ಬೆರಳಚ್ಚಿನಿಂದ ಮನುಷ್ಯನನ್ನು ಗುರುತಿಸುವಂತೆ, ಈ ಎತ್ತರಗಳಿಂದ ಬೀಜವನ್ನು ಗುರುತಿಸಬಹುದು.

ಇನ್ನು ಕನ್ನಡಿ ಜೋಡಿಯ ಎರಡು ಮನೆಗಳ ಮೆಟ್ಟಿಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಲಿಥಿಯಂ-7ರ ಮೊದಲನೆಯ ಮೆಟ್ಟಿಲು ತಳದಿಂದ 478 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎತ್ತರದಲ್ಲಿದೆ, ಬೆರಿಲಿಯಂ-7ರದು 429. ಎರಡನೆಯ ಮೆಟ್ಟಿಲು ಅದರಲ್ಲಿ ಸುಮಾರು 4,630; ಇದರಲ್ಲಿ ಸುಮಾರು 4,570. ಎರಡೂ ಮನೆಗಳನ್ನು ಒಬ್ಬನೇ ಮೇಸ್ತ್ರಿ ಕಟ್ಟಿದನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಪ್ರತಿ ಮೆಟ್ಟಿಲಿನ ಮೇಲೆ ಬೀಜವು ತನ್ನ ಸುತ್ತ ತಾನು ತಿರುಗುವ ಪರಿಮಾಣವೂ ಎರಡು ಮನೆಗಳಲ್ಲಿ ಒಂದೇ ಆಗಿದೆ.

ಮೆಟ್ಟಿಲುಗಳು ಹೀಗೆ ಹೊಂದಿಕೊಂಡರೂ ಮನೆಗಳ ಅಡಿಪಾಯ ಮಾತ್ರ ಒಂದೇ ಮಟ್ಟದಲ್ಲಿಲ್ಲ. ಲಿಥಿಯಂ-7ನ್ನು ಏಳು ಬಿಡಿ ಕಣಗಳಾಗಿ ಬಿಡಿಸಲು ಸುಮಾರು 39,240 ಕಿಲೋ ಎಲೆಕ್ಟ್ರಾನ್ ವೋಲ್ಟ್ ಬೇಕು. ಬೆರಿಲಿಯಂ-7ಕ್ಕೆ ಸುಮಾರು 37,600 ಸಾಕು. ಈ 1,640ರ ಅಂತರವು ಹೆಚ್ಚಿನ ಮೂರು ಪ್ರೋಟಾನು ಜೋಡಿಗಳ ಪರಸ್ಪರ ತಳ್ಳಾಟದ ಫಲ. ಆ ತಳ್ಳಾಟ ತಳದಲ್ಲಿಯೂ ಇದೆ, ಮೆಟ್ಟಿಲಿನ ಮೇಲೆಯೂ ಇದೆ. ಆದುದರಿಂದ ಮೆಟ್ಟಿಲಿನ ಎತ್ತರವನ್ನು ತಳದಿಂದ ಅಳೆಯುವಾಗ ಅದರ ಬಹುಪಾಲು ಕಳೆದುಹೋಗಿ, 49ರಷ್ಟು ಮಾತ್ರ ಶೇಷ ಉಳಿಯುತ್ತದೆ. ಆ ಶೇಷದಲ್ಲಿಯೇ ವಿಜ್ಞಾನಿಗಳ ಕುತೂಹಲವೆಲ್ಲ ಅಡಗಿದೆ.

ಅಳೆಯುವ ಬಗೆ

ಕಣ್ಣಿಗೆ ಕಾಣದ ಮೆಟ್ಟಿಲನ್ನು ಅಳೆಯುವುದೆಂತು? ಒಂದು ಉಪಾಯ ಬೋರಾನಿನಲ್ಲಿದೆ. ಬೋರಾನ್-10ರಲ್ಲಿ 5 ಪ್ರೋಟಾನು, 5 ನ್ಯೂಟ್ರಾನು. ಅದು ತನಗೆ ತಾನೇ ಕನ್ನಡಿ. ಅದಕ್ಕೆ ಒಂದು ನ್ಯೂಟ್ರಾನನ್ನು ಉಣಿಸಿದರೆ ಅದು ಒಡೆದು ಹೀಲಿಯಂ ಬೀಜವನ್ನೂ ಲಿಥಿಯಂ-7ನ್ನೂ ಕೊಡುತ್ತದೆ. ಅದೇ ಬೋರಾನಿಗೆ ವೇಗವಾಗಿ ಓಡುವ ಪ್ರೋಟಾನನ್ನು ಹೊಡೆದರೆ ಹೀಲಿಯಂ ಬೀಜದೊಡನೆ ಬೆರಿಲಿಯಂ-7 ಹುಟ್ಟುತ್ತದೆ. ಮೊದಲನೆಯ ಪ್ರಯೋಗದಲ್ಲಿ 478ರ ಗಾಮಾ ಕಿರಣ ಬರುತ್ತದೆ; ಎರಡನೆಯದರಲ್ಲಿ 429ರದು. ಒಂದೇ ತಾಯಿಯ ಒಡಲಿನಿಂದ ಎರಡು ಕನ್ನಡಿ ಮಕ್ಕಳು!

ಇನ್ನೊಂದು ಉಪಾಯವು ಅಂಗಡಿಯ ಲೆಕ್ಕದಂತಹುದು. ಒಳಗೆ ಹೋದ ಕಣದ ಶಕ್ತಿ ಎಷ್ಟು, ಹೊರಬಂದ ಕಣದ ಶಕ್ತಿ ಎಷ್ಟು ಎಂದು ಅಯಸ್ಕಾಂತದಿಂದ ಬಾಗಿಸಿ ಅಳೆಯುತ್ತಾರೆ. ಹೆಚ್ಚು ಶಕ್ತಿಯ ಕಣ ಕಡಿಮೆ ಬಾಗುತ್ತದೆ, ಕಡಿಮೆ ಶಕ್ತಿಯದು ಹೆಚ್ಚು ಬಾಗುತ್ತದೆ. ಜಮೆಗೂ ಖರ್ಚಿಗೂ ನಡುವೆ ಕಾಣೆಯಾದ ಮೊತ್ತವೇ ಬೀಜವು ಏರಿ ನಿಂತ ಮೆಟ್ಟಿಲಿನ ಎತ್ತರ.

ಬೀಜವು ಆ ಮೆಟ್ಟಿಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಅಳೆದಿದ್ದಾರೆಂದರೆ ನಂಬುವುದು ಕಷ್ಟ. ಆ ಕಾಲ ಸೆಕೆಂಡಿನ ಹತ್ತು ಲಕ್ಷ ಕೋಟಿ ಪಾಲುಗಳಲ್ಲಿ ಒಂದೆರಡು ಪಾಲು ಮಾತ್ರ. ಯಾವ ಗಡಿಯಾರಕ್ಕೂ ಸಿಗದ ಈ ಕ್ಷಣವನ್ನು ಹಿಡಿಯಲು ವಾಡಿ ಜಂಕ್ಷನ್ನಿನಲ್ಲಿ ನಿಂತವರಿಗೆಲ್ಲ ಪರಿಚಯವಿರುವ ಸಂಗತಿಯೊಂದು ನೆರವಾಗುತ್ತದೆ. ನಿಲ್ಲದೆ ಸಾಗುವ ರೈಲು ಹತ್ತಿರ ಬರುವಾಗ ಅದರ ಕೂಗಿನ ಸ್ವರ ಏರಿರುತ್ತದೆ. ದಾಟಿ ಹೋದೊಡನೆ ಇಳಿಯುತ್ತದೆ. ಓಡುತ್ತಲೇ ಕಿರಣವನ್ನು ಸೂಸುವ ಬೀಜದ 'ಸ್ವರ'ವೂ ಹೀಗೆಯೇ ಏರಿಳಿಯುತ್ತದೆ. ಬೋರಾನಿನಿಂದ ಚಿಮ್ಮಿದ ಲಿಥಿಯಂ ಬೀಜವು ಸುತ್ತಣ ವಸ್ತುವಿನಲ್ಲಿ ಹೂತು ನಿಲ್ಲುವ ಮೊದಲೇ ಕಿರಣವನ್ನು ಬಿಡುವುದರಿಂದ, 478ರ ಗೆರೆ ಚೂಪಾಗಿರದೆ ಎರಡೂ ಬದಿಗೆ ಹರಡಿರುತ್ತದೆ. ನಿಲ್ಲಲು ಎಷ್ಟು ಹೊತ್ತು ಬೇಕೆಂಬುದನ್ನು ಬಲ್ಲವರು, ಸ್ವರ ಎಷ್ಟು ಬದಲಾಯಿತೆಂಬುದರಿಂದ ಉದ್ರೇಕದ ಆಯುಷ್ಯವನ್ನು ಲೆಕ್ಕ ಹಾಕುತ್ತಾರೆ.

ಇಂತಹ ಅಳತೆಗಳು ಜಗತ್ತಿನ ಹತ್ತಾರು ಪ್ರಯೋಗಶಾಲೆಗಳಲ್ಲಿ ನಡೆದವು. ಚೆಲ್ಲಾಪಿಲ್ಲಿಯಾಗಿದ್ದ ಸಾವಿರಾರು ಸಂಖ್ಯೆಗಳನ್ನು ತೂಗಿ ನೋಡಿ, ನಂಬತಕ್ಕವುಗಳನ್ನು ಆರಿಸಿ, ಒಂದೆಡೆ ಬರೆದಿಡುವವರು ಬೇಕಾಗಿತ್ತು. ಆ ಕೆಲಸಕ್ಕೆ ತನ್ನ ಬಾಳನ್ನೇ ಮುಡಿಪಾಗಿಟ್ಟವಳು ಫೇ ಐಜನ್‌ಬರ್ಗ್-ಸೆಲೋವ್ ಎಂಬ ವಿದುಷಿ. 1926ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, ನಾಜಿಗಳ ದೆಸೆಯಿಂದ ಯೂರೋಪನ್ನು ತೊರೆದು ಅಮೆರಿಕವನ್ನು ಸೇರಿದ ಆಕೆ, 1952ರಲ್ಲಿ ಥಾಮಸ್ ಲಾರಿಟ್‌ಸೆನ್ನನ ಜೊತೆಗೂಡಿ ಹಗುರ ಬೀಜಗಳ ಶಕ್ತಿಮಟ್ಟಗಳ ಪಟ್ಟಿಯನ್ನು ಪ್ರಕಟಿಸಿದಳು. ಮುಂದೆ ಸುಮಾರು ನಾಲ್ಕು ದಶಕಗಳ ಕಾಲ ಅದನ್ನು ತಿದ್ದುತ್ತಾ ಬೆಳೆಸುತ್ತಾ ಹೋದಳು. ಇಷ್ಟಾದರೂ, ತಾನು ಕಲಿಸುತ್ತಿದ್ದ ವಿಶ್ವವಿದ್ಯಾನಿಲಯದಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯನ್ನು ಪಡೆಯಲು ಆಕೆ ಸರ್ಕಾರಕ್ಕೆ ದೂರು ಕೊಟ್ಟು ಹೋರಾಡಬೇಕಾಯಿತು. ಪದವಿ ದೊರೆತದ್ದು 1973ರಲ್ಲಿ. 2007ನೆಯ ಸಾಲಿನ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಆಕೆಗೆ ಸಂದಿತು. 2012ರಲ್ಲಿ ತೀರಿಕೊಂಡ ಆಕೆಯ ಪಟ್ಟಿಗಳು ಬೀಜಭೌತ ವಿಜ್ಞಾನಿಗಳಿಗೆ ಮನೆಯ ಪಂಚಾಂಗದಷ್ಟು ಬಳಕೆಯ ವಸ್ತುವಾಗಿದ್ದವು.

ಕನ್ನಡಿಯ ಡೊಂಕು

ಎಲ್ಲ ಜೋಡಿಗಳೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ. ಇಂಗಾಲ-13ಕ್ಕೂ ಸಾರಜನಕ-13ಕ್ಕೂ ಕನ್ನಡಿ ಸಂಬಂಧವಿದೆ. ಮೊದಲನೆಯದರ ಮೊದಲ ಮೆಟ್ಟಿಲು 3,089 ಕಿಲೋ ಎಲೆಕ್ಟ್ರಾನ್ ವೋಲ್ಟ್. ಎರಡನೆಯದರದು 2,365 ಮಾತ್ರ. ಏಳುನೂರಕ್ಕೂ ಮೀರಿದ ಈ ಅಂತರ ಎಲ್ಲಿಂದ ಬಂದಿತು? ಹೈಸೆನ್‌ಬರ್ಗನ ಊಹೆ ಇಲ್ಲಿ ಮುರಿದುಬಿತ್ತೆ?

ಇಲ್ಲ. 1951–52ರಲ್ಲಿ ಎರ್ಮನ್ ಮತ್ತು ಥಾಮಸ್ ಎಂಬಿಬ್ಬರು ಇದಕ್ಕೆ ಕಾರಣವನ್ನು ಕೊಟ್ಟರು. ಈ ಮೆಟ್ಟಿಲಿನಲ್ಲಿ ಕೊನೆಯ ಕಣವೊಂದು ಉಳಿದವರಿಂದ ಸ್ವಲ್ಪ ದೂರದಲ್ಲಿ ಸಂಚರಿಸುತ್ತದೆ. ಇಂಗಾಲದಲ್ಲಿ ಆ ಕಣ ನ್ಯೂಟ್ರಾನು. ಅದನ್ನು ತಳ್ಳುವವರಾರೂ ಇಲ್ಲ. ಸಾರಜನಕದಲ್ಲಿ ಅದು ಪ್ರೋಟಾನು. ಅದನ್ನು ಹಿಡಿದಿಟ್ಟುಕೊಳ್ಳುವ ಬಿಗಿ ಅಲ್ಲಿ ಸಡಿಲವಾಗಿರುವುದರಿಂದ ಅದು ಇನ್ನಷ್ಟು ದೂರಕ್ಕೆ ಹರಡಿಕೊಳ್ಳುತ್ತದೆ. ದೂರ ಹೋದಷ್ಟೂ ಉಳಿದ ಪ್ರೋಟಾನುಗಳ ತಳ್ಳಾಟ ತಗ್ಗುತ್ತದೆ. ತಗ್ಗಿದಷ್ಟೂ ಮೆಟ್ಟಿಲು ಕೆಳಗಿಳಿಯುತ್ತದೆ. ಬೀಜಶಕ್ತಿಯಲ್ಲಿ ಪಕ್ಷಪಾತವಿಲ್ಲ, ಡೊಂಕು ವಿದ್ಯುತ್ತಿನದು.

ಇದು ಕೇವಲ ಪಂಡಿತರ ವಾದವೂ ಅಲ್ಲ. ಸೂರ್ಯನಿಗಿಂತ ಭಾರವಾದ ನಕ್ಷತ್ರಗಳು ಬೆಳಗುವುದು ಇಂಗಾಲ, ಸಾರಜನಕ, ಆಮ್ಲಜನಕಗಳ ಚಕ್ರವೊಂದರಿಂದ. ಅದರಲ್ಲಿ ಇಂಗಾಲವು ಪ್ರೋಟಾನನ್ನು ನುಂಗಿ ಸಾರಜನಕ-13 ಆಗುವ ಹೆಜ್ಜೆಯ ವೇಗಕ್ಕೆ ಈ 2,365ರ ಮೆಟ್ಟಿಲಿನ ಪ್ರಭಾವವಿದೆ. ಮೆಟ್ಟಿಲು ಇಂಗಾಲ-13ರಲ್ಲಿರುವಷ್ಟೇ ಎತ್ತರದಲ್ಲಿದ್ದಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಹಾಗಾದರೆ ವಿದ್ಯುತ್ತಿನ ಪಾಲನ್ನು ಕಳೆದಮೇಲೆ ಕನ್ನಡಿ ಸಂಪೂರ್ಣ ನೇರವೆ? 1969ರಲ್ಲಿ ನೋಲನ್ ಮತ್ತು ಶಿಫರ್ ಎಂಬ ಅಮೆರಿಕದ ವಿಜ್ಞಾನಿಗಳು ಹಲವಾರು ಕನ್ನಡಿ ಜೋಡಿಗಳ ಲೆಕ್ಕವನ್ನು ಪರಿಶೋಧಿಸಿದರು. ವಿದ್ಯುತ್ ವಿಕರ್ಷಣೆಯಿಂದ ಬರಬೇಕಾದ ಅಂತರಕ್ಕಿಂತ ಅಳೆದ ಅಂತರ ಶೇಕಡ ಕೆಲವಷ್ಟು ಹೆಚ್ಚಾಗಿಯೇ ಇರುವುದು ಕಂಡುಬಂದಿತು. ಬೀಜಶಕ್ತಿಯೇ ಎರಡು ಪ್ರೋಟಾನುಗಳಿಗೂ ಎರಡು ನ್ಯೂಟ್ರಾನುಗಳಿಗೂ ನಡುವೆ ಎಳ್ಳಿನಷ್ಟು ಭೇದವನ್ನು ಎಣಿಸುತ್ತದೆ ಎಂಬುದು ಇಂದು ಅದಕ್ಕೆ ಕೊಡುವ ಉತ್ತರದ ಮುಖ್ಯ ಭಾಗ. ಮೇಸ್ತ್ರಿ ಒಬ್ಬನೇ, ಆದರೆ ಅವನ ಗಜಕಡ್ಡಿ ಎರಡು ಮನೆಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗಿದೆ.

ಮುಂಬಯಿಯ ಮಳೆಯಲ್ಲಿ ಹುಡುಕಾಟ

ಭಾರತದಲ್ಲಿ ಈ ವಿದ್ಯೆಯ ಬೇರು ಕರ್ನಾಟಕದ ಮಣ್ಣಿನಲ್ಲಿಯೇ ಇಳಿಯಿತು. ಹೋಮಿ ಭಾಭಾ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ನಡೆಸಿ, 1945ರ ಜೂನ್ ತಿಂಗಳಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ಆರಂಭಿಸಿದ್ದು ಬೆಂಗಳೂರಿನಲ್ಲಿಯೇ. ಅದೇ ವರ್ಷದ ಕೊನೆಗೆ ಅದು ಮುಂಬಯಿಗೆ ಹೋಯಿತು. ಅಲ್ಲಿ ಕನ್ನಡಿಗರಿಬ್ಬರು ಹೆಸರಾದರು. ತಿಪಟೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದು 1949ರಲ್ಲಿ ಸಂಸ್ಥೆಗೆ ಸೇರಿ, ದೇಶದ ಬೀಜಭೌತ ವಿಜ್ಞಾನದ ಹಿರಿಯರಲ್ಲಿ ಒಬ್ಬರಾದರು. ಬೀಜಗಳ ಸ್ವರವನ್ನು ಬಲ್ಲ ಅವರ ಬೆರಳುಗಳು ಪಿಯಾನೋದ ಸ್ವರವನ್ನೂ ಬಲ್ಲವಾಗಿದ್ದವು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ವಿಶ್ವಕಿರಣಗಳನ್ನು ಬೆನ್ನಟ್ಟಿ ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದರು.

ವಿಶ್ವಕಿರಣಗಳು ಗಾಳಿಯಲ್ಲಿ ಬೆರಿಲಿಯಂ-7ನ್ನು ಉಂಟುಮಾಡುತ್ತವೆಂಬುದನ್ನು 1955ರಲ್ಲಿ ಅಮೆರಿಕದ ಆರ್ನಾಲ್ಡ್ ಮತ್ತು ಅಲ್-ಸಾಲಿಹ್ ಎಂಬವರು ಮಳೆನೀರಿನಿಂದ ತೋರಿಸಿಕೊಟ್ಟರು. ಮರುವರ್ಷವೇ, 1956ರಲ್ಲಿ, ಟಾಟಾ ಸಂಸ್ಥೆಯ ಗೋಯಲ್, ಝಾ, ದೇವೇಂದ್ರ ಲಾಲ್, ರಾಧಾಕೃಷ್ಣ, ರಾಮಾ ಎಂಬ ಐವರು ಮಳೆನೀರಿನಲ್ಲಿರುವ ವಿಶ್ವಕಿರಣಜನ್ಯ ಬೆರಿಲಿಯಂ ಕುರಿತು ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು.

ಈ ಹುಡುಕಾಟ ಎಷ್ಟು ಸೂಕ್ಷ್ಮವೆಂಬುದು ಲೆಕ್ಕದಿಂದ ತಿಳಿಯುತ್ತದೆ. ಸೆಕೆಂಡಿಗೆ ಒಂದೇ ಒಂದು 478ರ ಕಿರಣ ಹೊರಡಬೇಕಾದರೆ ಆರು ಕೋಟಿಗೂ ಹೆಚ್ಚು ಬೆರಿಲಿಯಂ-7 ಪರಮಾಣುಗಳಿರಬೇಕು. ಆರು ಕೋಟಿ ಎಂದರೆ ದೊಡ್ಡ ರಾಶಿಯಲ್ಲ. ಅದರ ತೂಕ ಒಂದು ಗ್ರಾಮಿನ ಕೋಟಿ ಕೋಟಿಯಲ್ಲಿ ಒಂದು ಪಾಲಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ! ಇಂತಹ ಅಲ್ಪವನ್ನು ಹಿಡಿಯಲು ಬಹಳಷ್ಟು ಮಳೆನೀರನ್ನು ಸಂಗ್ರಹಿಸಿ, ಅದಕ್ಕೆ ಸಾಮಾನ್ಯ ಬೆರಿಲಿಯಮ್ಮಿನ ಲವಣವನ್ನು ಸ್ವಲ್ಪ ಸೇರಿಸುತ್ತಾರೆ. ರಾಸಾಯನಿಕ ಕ್ರಿಯೆಯಿಂದ ಆ ಬೆರಿಲಿಯಂ ಒತ್ತರಿಸಿ ಕೆಳಗಿಳಿಯುವಾಗ, ಕಣ್ಣಿಗೆ ಕಾಣದ ಬೆರಿಲಿಯಂ-7ನ್ನೂ ತನ್ನೊಡನೆ ಕರೆದುಕೊಂಡು ಬರುತ್ತದೆ. ಆ ಪುಡಿಯನ್ನು ಸೋಡಿಯಂ ಅಯೊಡೈಡಿನ ಹರಳಿನ ಪಕ್ಕದಲ್ಲಿಡುತ್ತಾರೆ. ಗಾಮಾ ಕಿರಣ ತಗಲಿದಾಗ ಹರಳು ಮಿನುಗುತ್ತದೆ. ಮಿನುಗಿನ ಪ್ರಕಾಶವೇ ಕಿರಣದ ಶಕ್ತಿಗೆ ಅಳತೆಗೋಲು.

ಆ ಕಾಲದಲ್ಲಿ ಈ ಅಳತೆಗೆ ಇನ್ನೊಂದು ಗಂಭೀರ ಕಾರಣವೂ ಸೇರಿಕೊಂಡಿತ್ತು. ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಪರಮಾಣು ಬಾಂಬುಗಳನ್ನು ಸಿಡಿಸುತ್ತಿದ್ದವು. ಅವುಗಳ ವಿಷದ ಧೂಳು ಗಡಿಗಳನ್ನು ಲೆಕ್ಕಿಸದೆ ಎಲ್ಲ ದೇಶಗಳ ಮಳೆಯಲ್ಲಿಯೂ ಇಳಿಯುತ್ತಿತ್ತು. ಮಗುವಿನ ಹಾಲಿನಲ್ಲಿ ಏನು ಸೇರುತ್ತಿದೆಯೋ ಎಂದು ತಾಯಂದಿರು ಚಿಂತಿಸುತ್ತಿದ್ದ ದಿನಗಳವು. ಬಾಂಬಿನ ಧೂಳಿನಲ್ಲಿರುವ ರುಥೇನಿಯಂ-103 ಎಂಬ ವಸ್ತು 497 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣವನ್ನು ಸೂಸುತ್ತದೆ. 478 ಎಲ್ಲಿ, 497 ಎಲ್ಲಿ? ಸೋಡಿಯಂ ಅಯೊಡೈಡ್ ಹರಳಿನ ಮಂದದೃಷ್ಟಿಗೆ ಇವೆರಡೂ ಒಂದಾಗಿ ತೋರುತ್ತಿದ್ದವು. ಒಂದು ಅನಾದಿ ಕಾಲದಿಂದ ಬೀಳುತ್ತಿರುವ ಆಕಾಶದ ಕಾಣಿಕೆ. ಇನ್ನೊಂದು ಮನುಷ್ಯನ ದುಡುಕಿನ ಫಲ. ಇವುಗಳನ್ನು ಬೇರ್ಪಡಿಸುವುದು ಶಾಸ್ತ್ರದ ಶೋಕಿಯಾಗಿರಲಿಲ್ಲ, ಜೀವದ ಪ್ರಶ್ನೆಯಾಗಿತ್ತು. ರಾಸಾಯನಿಕ ಶೋಧನೆಯಿಂದ ಅದನ್ನು ಸಾಧಿಸಿದರು. 1963ರ ಒಪ್ಪಂದದಿಂದ ಬಯಲಿನ ಸ್ಫೋಟಗಳು ಬಹುಮಟ್ಟಿಗೆ ತಗ್ಗಿದವು. ಮುಂದೆ ಜರ್ಮೇನಿಯಂ ಹರಳನ್ನು ದ್ರವ ಸಾರಜನಕದಿಂದ ತಂಪುಗೊಳಿಸಿ ಬಳಸುವ ವಿಧಾನ ಬಂದಮೇಲೆ, ಒಂದೆರಡು ಕಿಲೋ ಎಲೆಕ್ಟ್ರಾನ್ ವೋಲ್ಟಿನಷ್ಟು ಅಂತರವೂ ಸ್ಪಷ್ಟವಾಗಿ ಕಾಣತೊಡಗಿತು. 1986ರಲ್ಲಿ ಚೆರ್ನೊಬಿಲ್ ದುರಂತವಾದಾಗ ಗಾಳಿಯಲ್ಲಿ ಬಂದ ರುಥೇನಿಯಮ್ಮನ್ನು ಇಂತಹ ಹರಳುಗಳು ಕೂಡಲೇ ಗುರುತಿಸಿದವು.

ಹೊಲದ ಮಣ್ಣು ಹೇಳುವ ಸಾಕ್ಷಿ

ಇಷ್ಟೆಲ್ಲ ಅಳೆದು ತೂಗಿದ ಸಂಖ್ಯೆಯಿಂದ ಮನೆಗೆ ಏನು ಬಂದಿತು ಎಂದು ಕೇಳುವವರಿಗೆ ಎರಡು ಉತ್ತರಗಳಿವೆ.

ಮೊದಲನೆಯದು ಆಸ್ಪತ್ರೆಯದು. ಬೋರಾನು ನ್ಯೂಟ್ರಾನನ್ನು ನುಂಗಿ ಒಡೆಯುವಾಗ ಹಾರುವ ಚೂರುಗಳು ಒಂದು ಜೀವಕೋಶದ ಅಗಲದಷ್ಟು ದೂರ ಮಾತ್ರ ಸಾಗುತ್ತವೆ. ಬೋರಾನನ್ನು ಕ್ಯಾನ್ಸರ್ ಗಡ್ಡೆಯ ಕೋಶಗಳಿಗೆ ಸೇರಿಸಿ ನ್ಯೂಟ್ರಾನುಗಳನ್ನು ಹಾಯಿಸಿದರೆ, ರೋಗದ ಕೋಶವು ನಾಶವಾಗಿ ನೆರೆಯ ಕೋಶವು ಬಹುಮಟ್ಟಿಗೆ ಉಳಿಯುತ್ತದೆ. ಇಂತಹ ಚಿಕಿತ್ಸೆ ಜಪಾನ್ ಮೊದಲಾದ ದೇಶಗಳಲ್ಲಿ ನಡೆದಿದೆ. ನೂರರಲ್ಲಿ ತೊಂಬತ್ತನಾಲ್ಕು ಬಾರಿ ಆಗ ಹುಟ್ಟುವುದು ಉದ್ರೇಕಗೊಂಡ ಲಿಥಿಯಂ-7. ಆದುದರಿಂದ ದೇಹದಿಂದ ಹೊರಬರುವ 478ರ ಕಿರಣಗಳನ್ನು ಎಣಿಸಿದರೆ ಔಷಧ ಎಲ್ಲಿ, ಎಷ್ಟು ಕೆಲಸ ಮಾಡಿತೆಂಬುದನ್ನು ಹೊರಗಿನಿಂದಲೇ ಅರಿಯುವ ದಾರಿ ತೆರೆಯುತ್ತದೆ.

ಎರಡನೆಯ ಉತ್ತರ ರೈತನದು. ಮಳೆಯೊಡನೆ ಇಳಿದ ಬೆರಿಲಿಯಂ-7 ಮಣ್ಣಿನ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಂದೆರಡು ಸೆಂಟಿಮೀಟರಿಗಿಂತ ಆಳಕ್ಕೆ ಇಳಿಯುವುದು ಅಪರೂಪ. ಬೆಳೆಗೆ ಜೀವಾಳವಾದ ಮಣ್ಣೂ ಆ ಮೇಲು ಪದರವೇ. ಬಿರುಮಳೆಯಲ್ಲಿ ಆ ಪದರ ಕೊಚ್ಚಿಹೋದರೆ ಬೆರಿಲಿಯಮ್ಮೂ ಅದರೊಡನೆ ಹೋಗುತ್ತದೆ. ಹೊಲದ ಇಳಿಜಾರಿನಲ್ಲಿ 478ರ ಕಿರಣಗಳು ಕಡಿಮೆಯಾಗಿ, ತಗ್ಗಿನಲ್ಲಿ ಹೆಚ್ಚಾಗಿ ಕಂಡರೆ, ಮಣ್ಣು ಎಲ್ಲಿಂದ ಎಲ್ಲಿಗೆ ಸರಿಯಿತೆಂಬುದು ಬಯಲಾಗುತ್ತದೆ. ಬಾಂಬಿನ ಕಾಲದ ಸೀಸಿಯಂ-137 ಎಂಬ ವಸ್ತುವಿನಿಂದ ಹಲವು ದಶಕಗಳ ಸವೆತವನ್ನು ಅಳೆಯಬಹುದು; ಅಲ್ಪಾಯುವಾದ ಬೆರಿಲಿಯಂ-7ರಿಂದ ಒಂದೇ ಹಂಗಾಮಿನ, ಒಂದೇ ಬಿರುಮಳೆಯ ಸವೆತವನ್ನೂ ಅಳೆಯಬಹುದು. ಹಲವು ದೇಶಗಳ ಹೊಲಗಳಲ್ಲಿ ಈ ವಿಧಾನ ಬಳಕೆಗೆ ಬಂದಿದೆ.

ಚಿಂಚೋಳಿಯಂತಹ ಸೀಮೆಗೆ ಇದರ ಮಹತ್ವವೇನೆಂದು ವಿವರಿಸಬೇಕಾಗಿಲ್ಲ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಕಲಬುರಗಿಯ ತೊಗರಿ ಬೆಳೆಯುವುದು ಈ ಜಿಲ್ಲೆಯ ಮೇಲ್ಮಣ್ಣಿನಲ್ಲಿ. ಆ ಮಣ್ಣನ್ನು ಹೊತ್ತ ಮುಲ್ಲಾಮಾರಿಯ ಕೆನ್ನೀರು ಕಾಗಿಣೆಯನ್ನು ಕೂಡಿ, ರಾಷ್ಟ್ರಕೂಟರ ಮಳಖೇಡವನ್ನು ಹಾದು, ಭೀಮೆಯನ್ನು ಸೇರುತ್ತದೆ. ಕೊಚ್ಚಿಹೋದ ಮಣ್ಣು ಮರಳಿ ಬರುವುದಿಲ್ಲ. ದಾರಿಯಲ್ಲಿ ಜಲಾಶಯಗಳಲ್ಲಿ ಹೂಳಾಗಿ ನಿಂತು ನೀರಿನ ಜಾಗವನ್ನೂ ಕಸಿದುಕೊಳ್ಳುತ್ತದೆ. ಒಡ್ಡು ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ಒಂದೇ ಮಳೆಯಲ್ಲಿ ಎಷ್ಟು ವ್ಯತ್ಯಾಸವಾಯಿತೆಂದು ಅಳೆದು ತೋರಿಸಬಲ್ಲ ಸಾಧನ ರೈತನಿಗೆ ಉಪದೇಶಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು.

ಈ ಅಳತೆಗೆ ಎಚ್ಚರವೂ ಬೇಕು. ಎಲ್ಲ ಮಣ್ಣಿನಲ್ಲಿಯೂ ಸಹಜವಾಗಿಯೇ ಯುರೇನಿಯಂ, ಥೋರಿಯಂ, ಪೊಟಾಸಿಯಮ್ಮುಗಳ ಕಿರಣಗಳಿವೆ. ಭೀಮಾ ಕೊಳ್ಳದ ಸುಣ್ಣಕಲ್ಲಿನ ಸೀಮೆಯಲ್ಲಿಯೇ, ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ, ಯುರೇನಿಯಂ ನಿಕ್ಷೇಪ ಪತ್ತೆಯಾಗಿದೆ. ಥೋರಿಯಮ್ಮಿನ ಸಂತತಿಯಾದ ಆಕ್ಟಿನಿಯಂ-228 ಸೂಸುವ ಹಲವು ಕಿರಣಗಳಲ್ಲಿ ಒಂದು ಕ್ಷೀಣ ಕಿರಣದ ಶಕ್ತಿಯೂ ಸುಮಾರು 478! ವೇಷ ಹಾಕಿಕೊಂಡು ಬಂದ ಈ ಕಿರಣವನ್ನು ಆಕ್ಟಿನಿಯಮ್ಮಿನ ಬೇರೆ ಕಿರಣಗಳ ಪ್ರಮಾಣದಿಂದ ಕಂಡುಹಿಡಿದು, ಲೆಕ್ಕದಿಂದ ಕಳೆಯಬೇಕು. ಇನ್ನೂ ಒಂದು ಉಪಾಯವುಂಟು: ಎರಡು ತಿಂಗಳು ಕಾದು ಮತ್ತೆ ಅಳೆಯುವುದು. ಆಕಾಶದಿಂದ ಬಂದದ್ದು ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ. ನೆಲದ್ದು ಹಾಗೆಯೇ ಇರುತ್ತದೆ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣ ಅಧ್ಯಯನ ಕೇಂದ್ರದಂತಹ ಕಡೆಗಳಲ್ಲಿ ಮಣ್ಣು, ನೀರು, ಗಾಳಿಗಳ ಇಂತಹ ಗಾಮಾ ಪರೀಕ್ಷೆಗೆ ಬೇಕಾದ ಸಲಕರಣೆಯೂ ವಿದ್ವತ್ತೂ ಇವೆ.

ಹೈಸೆನ್‌ಬರ್ಗನು ತನ್ನ ಊಹೆಯನ್ನು ಬರೆದಾಗ ಅವನ ಮನಸ್ಸಿನಲ್ಲಿ ತೊಗರಿಯ ಹೊಲವಿರಲಿಲ್ಲ, ಕ್ಯಾನ್ಸರ್ ರೋಗಿಯೂ ಇರಲಿಲ್ಲ. ಎರಡು ಕಣಗಳು ಒಂದೇ ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರು, ಮೆಟ್ಟಿಲೊಂದರ ಎತ್ತರವನ್ನು ನಿಷ್ಠೆಯಿಂದ ಅಳೆದು ಬರೆದಿಟ್ಟರು. ಆ ಒಂದು ಸಂಖ್ಯೆ ಸರಿಯಾಗಿದ್ದುದರಿಂದಲೇ ಬಾಂಬಿನ ಧೂಳನ್ನು ಆಕಾಶದ ಕಾಣಿಕೆಯಿಂದ ಬೇರ್ಪಡಿಸಲು ಸಾಧ್ಯವಾಯಿತು. ಸವೆದ ಮಣ್ಣಿನ ಲೆಕ್ಕವನ್ನು ಬರೆಯಲು ಸಾಧ್ಯವಾಯಿತು. ಜ್ಞಾನದ ಬಿತ್ತನೆಯೂ ಬೇಸಾಯದಂತೆಯೇ. ಬಿತ್ತಿದವನೇ ಉಣ್ಣುತ್ತಾನೆಂಬ ನಿಯಮವಿಲ್ಲ, ಆದರೆ ಬೀಜ ಗಟ್ಟಿಯಾಗಿರಬೇಕು.